ಕುಕ್ಕರ್ ಎಳೆದ ಗೀರು

ಸೋಮವಾರ, 9 ಫೆಬ್ರವರಿ 1998
ಸಂಜೆ 6.30

ಬೆಳಿಗ್ಗೆ ನಲ್ಲಿ ನೀರು ಬರಲಿಲ್ಲ. ಮಧ್ಯಾಹ್ನ ಚಿತ್ರಾನ್ನ. ಆಮೇಲೆ ಅಡುಗೆ ಕಟ್ಟೆ ಒರೆಸಿದೆ. ಬಿಳಿ ಟೈಲ್ಸ್ ಮೇಲೆ ಒಲೆಯಿಂದ ಸಿಂಕ್‌ವರೆಗೂ ಬೂದು ಗೀರುಗಳು. ಇವರು ಕುಕ್ಕರ್ ಎತ್ತದೆ ಎಳೆದದ್ದು. ರಿಟೈರ್ ಆದ ಮೇಲೆ ಅನ್ನಕ್ಕಿಡುವುದು ಇವರದೇ ಕೆಲಸ. ‘ಎಳೀಬೇಡಿ, ಎತ್ತಿಡಿ’ ಎಂದು ಕಡೆಯ ಒಂದು ವರ್ಷ ದಿನಾ ಕೂಗಿದ್ದೇನೆ. ಇವರು ಹೋಗಿ ಮೂರು ತಿಂಗಳು. ಗೀರುಗಳು ಹಾಗೇ ಇವೆ.

ಮಗಳು ಸಮನ್ವಿತಾ ಫೋನ್ ಮಾಡಿದ್ದಳು.
“ಒಡೆಸಿ ಗ್ರಾನೈಟ್ ಹಾಕ್ಸಮ್ಮ. ಅದನ್ನೇ ನೋಡ್ತಾ ಎಷ್ಟು ದಿನ ಕೂತಿರ್ತೀಯ?”
ನೋಡೋಣ ಎಂದೆ. ಗೀರು ಹೋಗುತ್ತದೋ ಇಲ್ಲವೋ, ಅದು ಮೊದಲು ತಿಳಿಯಬೇಕು.

ಮಂಗಳವಾರ, 10

ತಪ್ಪು ಮಾಡಿದೆ. ಹುಣಸೆಹಣ್ಣಿಗೆ ರಂಗೋಲಿ ಪುಡಿ ಬೆರೆಸಿ ಸ್ಟೀಲ್ ನಾರಿನಲ್ಲಿ ಉಜ್ಜಿದೆ. ದೀಪದ ಕಂಬಕ್ಕೆ ಆಗುವುದು ಟೈಲ್ಸ್‌ಗೂ ಆಗುತ್ತದೆ ಅಂದುಕೊಂಡೆ. ಒಂದು ಮೂಲೆಯ ಹೊಳಪು ಹೋಯಿತು. ನಾರಿನ ಕಪ್ಪು ಬೇರೆ ಅಂಟಿತು. ಇವರಿದ್ದಿದ್ದರೆ ಬಿಡುತ್ತಿರಲಿಲ್ಲ — ‘ಈಗ ಯಾರನ್ನ ಬೈತೀಯೇ?’

ಶುಕ್ರವಾರ, 13

ಬನಶಂಕರಿ ಬಸ್‌ಸ್ಟ್ಯಾಂಡ್ ಹತ್ತಿರದ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಲ್ಲಿರುವವನು ಗುರುಸಿದ್ದ, ಬಾಗಲಕೋಟೆ ಕಡೆಯವನು.
“ಬಿಳಿ ಪೇಂಟ್ ಕೊಡಪ್ಪ, ಟೈಲ್ಸ್ ಗೀರು ಮುಚ್ಚಬೇಕು.”
“ಉಗುರ ಹಾಕಿ ನೋಡೀರೇನ್ರಿ ಅಮ್ಮಾರ?”
“ಉಗುರಾ?”
“ಗೀರಿನ ಮ್ಯಾಲ ಉಗುರ ಎಳೀರಿ. ಸಿಕ್ಕಂದ್ರ ಖರೇ ಗೀರು. ಸಿಗಲಿಲ್ಲಂದ್ರ ಟೈಲ್ಸಿಗೆ ಏನೂ ಆಗಿಲ್ಲ, ಪಾತ್ರಿ ತನ್ನ ಬಣ್ಣ ಬಿಟ್ಟೈತಿ ಅಷ್ಟ. ಅಡಿಗಿ ಸೋಡಾ, ಮೆತ್ತಗಿನ ಅರಬಿ ಸಾಕು.”
ಅರಬಿ ಅಂದರೆ ಬಟ್ಟೆಯಂತೆ. ರಂಗೋಲಿ ಪುಡಿಯ ವಿಷಯ ಹೇಳಿದೆ. ಹಣೆ ಬಡಿದುಕೊಂಡ.
“ರಂಗೋಲಿ ಬಾಗಲಿಗೆ ಹಾಕ್ರಿ ಅಮ್ಮಾರ, ಅಡಿಗಿ ಕಟ್ಟಿಗಲ್ಲ!”
ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಕ್ಕು ಬಹಳ ದಿನವಾಗಿತ್ತು.

ಖರೇ ಗೀರಿದ್ದರೆ ಬೇಕಾಗುತ್ತದೆಂದು ಎರಡು ಟ್ಯೂಬ್ ಕಲಸುವ ಅಂಟು, ಒಂದಿಷ್ಟು ವೈಟ್ ಸಿಮೆಂಟ್ ಕಟ್ಟಿಕೊಟ್ಟ. ಮನೆಗೆ ಬಂದವಳೇ ಉಗುರು ಎಳೆದೆ. ಎಲ್ಲೂ ಸಿಗಲಿಲ್ಲ. ಸಿಂಕ್ ಅಂಚಿನಲ್ಲಿ ಎರಡು ಕಡೆ ಮಾತ್ರ ಸಿಕ್ಕಿತು.

ಶನಿವಾರ, 14
ಬೆಳಿಗ್ಗೆ 11

ಸೋಡಾ ಹಚ್ಚುವ ಮೊದಲು ಕನ್ನಡಕ ಹಾಕಿಕೊಂಡು ನೋಡಿದೆ. ವಿಚಿತ್ರ. ಯಾವ ಗೀರೂ ಒಂದೇ ಎಳೆಯಾಗಿಲ್ಲ. ಸ್ವಲ್ಪ ದೂರ ಹೋಗಿ ನಿಂತಿದೆ, ಅಲ್ಲೊಂದು ದಪ್ಪ ಕಲೆ, ಮತ್ತೆ ಹೊರಟಿದೆ. ಎರಡಡಿಯಲ್ಲಿ ನಾಲ್ಕು ಸಲ. ಎಲ್ಲವೂ ಹೀಗೇ.

ಕುಕ್ಕರ್‌ಗೆ ನೀರು ತುಂಬಿ ನಾನೇ ಎಳೆದೆ. ಒಂದೇ ಎಳೆತಕ್ಕೆ ಸಿಂಕ್ ಮುಟ್ಟಿತು. ಎಡಗೈಯ ಎರಡೇ ಬೆರಳಲ್ಲಿ ಎಳೆದು ನೋಡಿದೆ. ನಿಂತಿತು. ಎಳೆದೆ. ನಿಂತಿತು.

ಸೋಮಾರಿತನಕ್ಕೆ ಎಳೆದವರು ಅಷ್ಟು ಸಲ ನಿಲ್ಲಿಸುವುದಿಲ್ಲ. ಲಕ್ವ ಹೊಡೆದದ್ದು ನವೆಂಬರ್‌ನಲ್ಲಿ, ಇದ್ದಕ್ಕಿದ್ದಂತೆ ಅಂದುಕೊಂಡಿದ್ದೆ. ಕೈಗೆ ಅದಕ್ಕೂ ಮೊದಲೇ… ಒಂದು ವರ್ಷ? ಇವರಿಗೆ ಗೊತ್ತಿತ್ತೇ? ಗೊತ್ತಿದ್ದೂ ನನ್ನ ಕೈಲಿ ದಿನಾ ಬೈಸಿಕೊಂಡರೇ?

ಸೋಡಾ ಹಚ್ಚಲಿಲ್ಲ.

ಭಾನುವಾರ, 22

ಸಮನ್ವಿತಾ ಉತ್ತರಹಳ್ಳಿಯಿಂದ ಬಂದಳು. ಕಟ್ಟೆ ತೋರಿಸಿ ಕೇಳಿದೆ.
“ಅಪ್ಪನ ಕೈಲಿ ಶಕ್ತಿ ಇರ್ಲಿಲ್ಲ ಅಲ್ವಾ? ನಿಂಗೆ ಗೊತ್ತಿತ್ತಾ?”
ಒಂದು ಗೀರಿನ ಮೇಲೆ ಬೆರಳಾಡಿಸಿದಳು.
“ಡಾಕ್ಟರ್ ಹತ್ರ ನಾನೇ ಕರ್ಕೊಂಡ್ಹೋಗಿದ್ದೆ. ಅಪ್ಪಾನೇ ನಿಂಗೆ ಹೇಳ್ಬೇಡ ಅಂದಿದ್ರು.”
“ನಾನು ಅಷ್ಟು ಬೈತಿದ್ನಲ್ಲೇ…”
“ಅದನ್ನೇ ಕೇಳ್ದೆ ಅಮ್ಮ. ‘ಬೈಲಿ ಬಿಡು. ಗೊತ್ತಾದ್ರೆ ಬೈಯೋದು ನಿಲ್ಲಿಸ್ಬಿಡ್ತಾಳೆ, ಮನೆ ಆಸ್ಪತ್ರೆ ಥರ ಆಗೋಗತ್ತೆ’ ಅಂದ್ರು.”

ಸಿಟ್ಟು ಬಂತು. ಮೂರು ತಿಂಗಳ ಮೇಲೆ ಮೊದಲ ಸಲ, ಕಟ್ಟೆಯ ಮುಂದೆ ನಿಂತು ಇವರನ್ನು ಜೋರಾಗಿ ಬೈದೆ. “ಎಂಥಾ ಮನುಷ್ಯ ರೀ ನೀವು! ಹೇಳಿದ್ರೆ ಗಂಟೇನು ಹೋಗ್ತಿತ್ತು?” ಸಮನ್ವಿತಾ ತಡೆಯಲಿಲ್ಲ. ಬಟ್ಟಲು ತೆಗೆದು ಸೋಡಾ ಕಲಸಿದಳು.

ಇಬ್ಬರೂ ಉಜ್ಜಿದೆವು. ಬೂದು ಬಣ್ಣ ಬಟ್ಟೆಗೆ ಬಂತು. ಕೆಳಗೆ ಟೈಲ್ಸ್ ಬೆಳ್ಳಗೆ ಇತ್ತು. ಗುರುಸಿದ್ದ ಹೇಳಿದ್ದು ನಿಜ. ಗ್ರಾನೈಟ್ ಮಾತು ಅವಳೂ ಎತ್ತಲಿಲ್ಲ. ಅಂಚಿನ ಎರಡು ಗೀರಿಗೆ ಅಂಟಿನಲ್ಲಿ ವೈಟ್ ಸಿಮೆಂಟ್ ಕಲಸಿ ಬೆಂಕಿಕಡ್ಡಿಯಲ್ಲಿ ತುಂಬಿದೆ. ಒಣಗಲು ಒಂದು ದಿನ ಬೇಕು.

ನಾಳೆ ಸಂಜೆಯವರೆಗೆ ಸಿಂಕ್‌ಗೆ ನೀರು ಬಿಡುವಂತಿಲ್ಲ. ಪಾತ್ರೆ ತೊಳೆಯುವುದು ಹಿತ್ತಲಲ್ಲಿ.