ಅಂಗಾಂಶ ಕೃಷಿ ಎಂದರೆ ಬಾಳೆಯಲ್ಲವೇ?

ಶ್ವಾಸಕೋಶ ಸಂಶೋಧನಾ ಕೇಂದ್ರದ ನಿರ್ದೇಶಕರಿಗೆ

ಮಾನ್ಯರೇ,

ನನ್ನ ಯಜಮಾನರ ಶ್ವಾಸಕೋಶದ ತುಂಡಿಗೂ ನನಗೂ "ಯಾವುದೇ ಸಂಬಂಧ ಇರುವುದಿಲ್ಲ" ಎಂದು ತಮ್ಮ ಕಚೇರಿಯಿಂದ ಎರಡು ಸಾಲಿನ ಪತ್ರ ಬಂದಿದೆ. ಮೊಹರು ಚೆನ್ನಾಗಿ ಬಿದ್ದಿದೆ. ನಲವತ್ತೊಂದು ವರ್ಷ ಸಂಸಾರ ಮಾಡಿದವಳಿಗೆ ಇಲ್ಲದ ಸಂಬಂಧ ತಮ್ಮ ಗಾಜಿನ ತಟ್ಟೆಗೆ ಹೇಗೆ ಬಂತು? ಒಬ್ಬಳೇ ಕೇಳಿದ್ದಕ್ಕೆ ಈ ಉತ್ತರ ಸಿಕ್ಕಿತು. ಆದ್ದರಿಂದ ಈ ಸಲ ಪತ್ರಿಕೆಯಲ್ಲಿ, ನಾಲ್ಕು ಜನರ ಮುಂದೆ ಕೇಳುತ್ತಿದ್ದೇನೆ.

ನಮ್ಮದು ಬೆಟ್ಟದಪುರದ ಹತ್ತಿರ ಬೇಸಾಯದ ಮನೆ. ಹೊಗೆಸೊಪ್ಪು, ರಾಗಿ, ಅರ್ಧ ಎಕರೆ ಬಾಳೆ. ಎಸ್ಸೆಸ್ಸೆಲ್ಸಿ ಪಾಸಾದವಳೆಂದು ಮನೆಗೆ ಬಂದ ಕಾಗದಗಳನ್ನೆಲ್ಲ ಓದಿ ಹೇಳುವವಳು ನಾನೇ. ನಾಲ್ಕು ವರ್ಷದ ಹಿಂದೆ ಯಜಮಾನರ ಶ್ವಾಸಕೋಶದಲ್ಲಿ ಗಡ್ಡೆ ಕಾಣಿಸಿಕೊಂಡು ಆಪರೇಷನ್ ಆಯಿತು. ಹಿಂದಿನ ದಿನ ಒಂದು ಹಾಳೆ ಕೊಟ್ಟರು. "ಅಂಗಾಂಶ ಕೃಷಿ ಸಂಶೋಧನೆಗೆ ನನ್ನ ಸಮ್ಮತಿ ಇರುತ್ತದೆ" ಎಂದಿತ್ತು. ಉಳಿದದ್ದೆಲ್ಲ ಇಂಗ್ಲಿಷ್. ನಮ್ಮ ಕಡೆ ಅಂಗಾಂಶ ಕೃಷಿ ಎಂದರೆ ಬಾಳೆ. ತೋಟಗಾರಿಕೆಯವರು ಹಂಚುವ ಕರಪತ್ರದಲ್ಲಿ ಇದೇ ಎರಡು ಪದ ಇರುತ್ತವೆ.

"ಬಾಳೆದು ಏನೋ ಕೇಳವ್ರೆ, ಸೈನ್ ಆಕಿ" ಎಂದೆ.

"ಆಸ್ಪತ್ರೇಲೂ ಬಾಳೆ ಬುಡಲ್ವಲ್ಲಾ ಇವ್ರು! ನನ್ನೊಟ್ಟೇಲಿ ಬಾಳೆಕಂದು ಕಂಡ್ರೆ ಕಿತ್ಕೊಳ್ಳಿ ಬುಡು" ಎಂದು ನಗುತ್ತಲೇ ಸಹಿ ಹಾಕಿದರು.

ಕೌಂಟರಿನಲ್ಲಿದ್ದವಳೂ ನಕ್ಕು ಹಾಳೆ ತೆಗೆದುಕೊಂಡಳು. ಓದಿ ಹೇಳಿದವಳು ನಾನು. ಆ ತಪ್ಪನ್ನು ತಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ರೈತನ ಎದೆಯ ಮಾಂಸಕ್ಕೆ ಬಾಳೆಗಿಡದ ಹೆಸರಿಟ್ಟ ಪಂಡಿತರು ಯಾರು?

ಒಂದೂವರೆ ವರ್ಷ ಚೆನ್ನಾಗಿದ್ದರು. ಆಮೇಲೊಂದು ಮಳೆಗಾಲ ನೆಗಡಿಯೆಂದು ಶುರುವಾದದ್ದು ಎದೆಗಿಳಿಯಿತು. ಒಂಬತ್ತನೆಯ ದಿನ ಹೋದರು. ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು.

ಹೋದ ವರ್ಷ ನನ್ನ ತಂಗಿಯ ಮಗಳು ಆಶಾರಾಣಿ ಬಂದಿದ್ದಳು. ಮೈಸೂರಿನ ಲ್ಯಾಬೊಂದರಲ್ಲಿ ಕೆಲಸ ಅವಳಿಗೆ. ಹಳೆಯ ಆಸ್ಪತ್ರೆ ಕಾಗದಗಳನ್ನು ಜೋಡಿಸುತ್ತಿದ್ದವಳು ಆ ಹಾಳೆಯನ್ನು ಎರಡೆರಡು ಸಲ ಓದಿದಳು.

"ದೊಡ್ಡವ್ವ, ಇದು ಬಾಳೆ ಅಲ್ಲ ಕಣವ್ವ. ದೊಡ್ಡಪ್ಪಾರ ಶ್ವಾಸಕೋಶದ ಚೂರು. ಅದ್ನ ಬೆಳಸ್ತಾರೆ."

"ಸತ್ತೋರ್ದು ಎಲ್ಲಿ ಬೆಳೀತದೆ, ಬುಡು."

"ತಗದಾಗ ಜೀವ ಇತ್ತಲ್ಲ. ತಣ್ಣಗೆ ಕಾಪಾಡಿದ್ರೆ ವರ್ಸಗಟ್ಲೆ ಇರ್ತದೆ."

ಇಂಗ್ಲಿಷಿನಲ್ಲಿದ್ದ ತಮ್ಮ ಕೇಂದ್ರದ ಹೆಸರನ್ನೂ ಓದಿ, ಎಲ್ಲವನ್ನೂ ಬಿಡಿಸಿ ಹೇಳಿದಳು. ಜೀವಕೋಶಗಳನ್ನು ತೆಳು ಪೊರೆಯ ಮೇಲೆ ಹರಡಿ, ಕೆಳಗೆ ಆಹಾರದ ನೀರು, ಮೇಲೆ ಗಾಳಿ ಕೊಟ್ಟು ಸಾಕುತ್ತಾರಂತೆ. ತಿಂಗಳಾಗುವಷ್ಟರಲ್ಲಿ ಕಣ್ಣಿಗೆ ಕಾಣದ ಕೂದಲು ಮೂಡಿ ಆಡತೊಡಗುತ್ತವಂತೆ. ಆಗ ನೆಗಡಿ, ಜ್ವರದ ವೈರಸ್ಸನ್ನು ಬಿಟ್ಟು ಅದು ಹೇಗೆ ಒಳಗೆ ನುಗ್ಗುತ್ತದೆ, ಯಾವ ಮದ್ದಿಗೆ ಬಗ್ಗುತ್ತದೆ ಎಂದು ನೋಡುತ್ತಾರಂತೆ. ಮೊಬೈಲಿನಲ್ಲಿ ಬೇರೆ ಯಾರದೋ ಶ್ವಾಸಕೋಶದ ಚಿತ್ರ ತೋರಿಸಿದಳು. ಗಾಳಿಗೆ ತೊನೆಯುವ ರಾಗಿ ಹೊಲದ ಹಾಗಿತ್ತು.

"ಅದು ಕೆಮ್ತದಾ?" ಎಂದು ಕೇಳಿದೆ.

ನಕ್ಕಳು. ನನ್ನ ಮುಖ ನೋಡಿ ನಿಲ್ಲಿಸಿದಳು. "ಕೆಮ್ಮಕ್ಕೆ ಗಂಟ್ಲು ಬೇಕಲ್ಲ, ದೊಡ್ಡವ್ವ."

ಹಾಗೆ ಯಾಕೆ ಕೇಳಿದೆನೆಂದು ತಮಗೆ ತಿಳಿಯಲಾರದು. ಅವರು ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆದವರಲ್ಲ. ಹೊಸಿಲ ಹತ್ತಿರ ನಿಂತು ಒಮ್ಮೆ ಕೆಮ್ಮಿದರೆ ಹೊರಗೆ ಬಾ ಎಂದು, ಎರಡು ಸಲ ಕೆಮ್ಮಿದರೆ ನೀರು ತಾ ಎಂದು. ಈಗಲೂ ಮನೆಯಲ್ಲಿ ಒಂಬತ್ತು ಜನರಿದ್ದಾರೆ. ಅವ್ವ, ಅತ್ತೆ, ಅಜ್ಜಿ ಎಂದು ದಿನಕ್ಕೆ ನೂರು ಸಲ ಕೂಗುತ್ತಾರೆ, ನನ್ನ ಮಾತು ಮೀರುವುದಿಲ್ಲ. ಆದರೂ ನನ್ನನ್ನು ಕರೆಯುವವರು ಯಾರೂ ಇಲ್ಲ. ಮೊಮ್ಮಗಳಿಗೆ ನೆಗಡಿಯಾಗಿ ನಡುಮನೆಯಲ್ಲಿ ಎರಡು ಸಲ ಕೆಮ್ಮಿದರೆ ನಾನು ಚೊಂಬು ಹಿಡಿದು ಎದ್ದಿರುತ್ತೇನೆ. ಸೊಸೆಯರು ನೋಡಿದರೆ ಗಿಡಕ್ಕೆ ಹೊಯ್ದು ಬರುತ್ತೇನೆ.

ತಮ್ಮ ಕೆಲಸಕ್ಕೆ ನಾನು ಅಡ್ಡ ಬರುವವಳಲ್ಲ. ಅವರನ್ನು ಒಯ್ದ ಕಾಯಿಲೆಯನ್ನೇ ಅವರ ಚೂರಿನ ಮೇಲೆ ಬಿಟ್ಟು ಇನ್ನೊಬ್ಬರನ್ನು ಉಳಿಸುವುದಾದರೆ ಉಳಿಸಿ. ಕೇಳಿದ್ದರೆ ಅವರೂ ಇಲ್ಲ ಎನ್ನುತ್ತಿರಲಿಲ್ಲ. ಕೇಳಲಿಲ್ಲ ಎಂಬುದೇ ನನ್ನ ದೂರು. "ಮಾದರಿಗಳಿಗೆ ಸಂಖ್ಯೆ ಮಾತ್ರ ಇದ್ದು, ಹೆಸರು ಇರುವುದಿಲ್ಲ" ಎಂದೂ ಬರೆದಿದ್ದೀರಿ. ನಮ್ಮ ಹಸುವಿನ ಕಿವಿಗೂ ಸರ್ಕಾರದವರು ಹನ್ನೆರಡು ಅಂಕಿಯ ಹಳದಿ ಓಲೆ ಹಾಕಿದ್ದಾರೆ. ಹಾಗೆಂದು ನಾವು ಗೌರಿ ಎನ್ನುವುದನ್ನು ಬಿಟ್ಟಿದ್ದೇವೆಯೇ?

ನನ್ನ ಒತ್ತಾಯ ಇಷ್ಟೇ. ಆ ಸಂಖ್ಯೆ ಯಾರದೆಂದು ತಮ್ಮ ಯಾವುದೋ ಪುಸ್ತಕದಲ್ಲಿ ಇದ್ದೇ ಇರುತ್ತದೆ, ಹುಡುಕಿಸಿ. ಅದಿನ್ನೂ ಜೀವಂತವಾಗಿದ್ದರೆ ಒಂದು ಸಲ ತೋರಿಸಿ. ಬಸ್ಸು ಹತ್ತಿ ನಾನೇ ಬರುತ್ತೇನೆ, ಮುಟ್ಟುವುದಿಲ್ಲ, ಅಳುವುದೂ ಇಲ್ಲ. ಮುಗಿದುಹೋಗಿದ್ದರೆ ಯಾವ ದಿನ ಮುಗಿಯಿತೆಂದು ಒಂದು ಕಾರ್ಡು ಬರೆಯಿರಿ. ಇನ್ನು ಮುಂದೆ ಆ ಹಾಳೆಯಲ್ಲಿ ಶ್ವಾಸಕೋಶಕ್ಕೆ ಶ್ವಾಸಕೋಶ ಎಂದೇ ಬರೆಸಿ.

ಅವರ ಹೆಸರನ್ನು ನಾನು ಬಾಯಲ್ಲಿ ಹೇಳಿದವಳಲ್ಲ, ಕೈಯಲ್ಲಿ ಬರೆದವಳಲ್ಲ. ತಮ್ಮಲ್ಲಿ ಹೆಸರಿಲ್ಲ ಎಂದದ್ದರಿಂದ ಈಗ ಕೆಳಗೆ ಬರೆಯುತ್ತಿದ್ದೇನೆ, ಆ ಸಂಖ್ಯೆಯ ಪಕ್ಕ ಬರೆದುಕೊಳ್ಳಿ. ಹೆಸರಿನ ಹಿಂದೆ 'ಲೇಟ್' ಎಂದು ಸೇರಿಸಬೇಕೋ ಬೇಡವೋ ತಮ್ಮ ಉತ್ತರ ಬರುವ ತನಕ ನನಗೆ ತಿಳಿಯದು. ಸದ್ಯಕ್ಕೆ ಬಿಟ್ಟಿದ್ದೇನೆ.

ಇಂತಿ,
ಸಂಬಂಧವಿಲ್ಲವೆಂದು ತಮ್ಮಿಂದ ಮೊಹರು ಒತ್ತಿಸಿಕೊಂಡ
ಮಂಗಳಮ್ಮ
ಕೋಂ ಚಿಕ್ಕಬಸಪ್ಪ