ಏಳನೇ ನಂಬರು

ಮಳವಳ್ಳಿ, ೧೯೭೬

ಪಟ್ಟಲಮ್ಮಕ್ಕ,

ಈ ಕಾಗದಕ್ಕೆ ಯಾವ ವಿಳಾಸ ಬರೆಯಲಿ? ನೀನು ಸತ್ತು ಮೂರು ತಿಂಗಳಾಯಿತು. ನಮ್ಮ ವೃದ್ಧಾಶ್ರಮಕ್ಕೆ ದುದ್ದದಿಂದ ಚಿಕ್ಕಮಾದಮ್ಮ ಎಂಬ ಹೊಸ ಆಯಾ ಬಂದಿದ್ದಾಳೆ. ನೀನು ನನಗೆ ಕೆಲಸ ಕಲಿಸಿದ ಹಾಗೆ ನಾನೀಗ ಅವಳಿಗೆ ಕಲಿಸಬೇಕಂತೆ.

ಇವತ್ತು ಬೆಳಿಗ್ಗೆ ಅವಳು ಮುದುಕ ಅಂಕಯ್ಯನ ಹೊದಿಕೆ ಎಳೆದು, "ನಾಕನೇ ನಂಬರು, ಮಗ್ಗುಲಾಗು" ಎಂದಳು. ನನಗೆ ರೇಗಿತು.

"ನಂಬರು ಮಂಚಕ್ಕೆ ಕಣಮ್ಮಿ, ಮನುಸರಿಗಲ್ಲ. ಮೊದ್ಲು ಎಸ್ರಿಡ್ದು ಕೂಗು, ಆಮೇಲ್ ಮುಟ್ಟು."

ನಿನ್ನದೇ ಮಾತು. ಅವಳು "ಅಂಕಯ್ಯಾರೇ" ಎಂದು ಕೂಗಿದಳು. ಮುದುಕ ತಾನೇ ಕೈ ಚಾಚಿದ.

ಲಕ್ವ ಹೊಡೆದು ನೀನೇ ನಮ್ಮ ವಾರ್ಡಿನ ಏಳನೇ ಮಂಚದಲ್ಲಿ ಮಲಗಿದ್ದಾಗ ಡಾಕ್ಟರು ವಿಚಾರಿಸಿದರಲ್ಲ, "ಏಳನೇ ನಂಬರು ಗಂಜಿನೂ ಬುಟ್ಟದೆ ಸಾ" ಎಂದಿದ್ದೆ ನಾನು. ನೀನು ಗೋಡೆಯ ಕಡೆ ಮುಖ ತಿರುಗಿಸಿದೆ. ಅವತ್ತು ಬಹಳ ಕೆಲಸವಿತ್ತು ಅಕ್ಕ.

ಮಧ್ಯಾಹ್ನ ಹಾಸಿಗೆ ಬಟ್ಟೆ ಒಗೆಯುವಾಗ ಚಿಕ್ಕಮಾದಮ್ಮ ಕೇಳಿದಳು: "ಇದ್ನೆಲ್ಲ ನಿಂಗ್ಯಾರಕ್ಕ ಕಲ್ಸಿದ್ದು?"

ನಿನ್ನ ಹೆಸರು ಹೇಳಲೆಂದೇ ಬಾಯಿ ತೆರೆದೆ.

"ಏಳನೇ ನಂಬರು" ಎಂದುಬಿಟ್ಟೆ.