ರೊಟ್ಟಿ ದಾಟಿದ ಕಾಲು

ಮುಹರ್ರಕ್, ಬಹ್ರೈನ್
19 ಏಪ್ರಿಲ್ 1997

ಪ್ರೀತಿಯ ಅಮ್ಮ,

ಈ ಪತ್ರ ತಲುಪುವಷ್ಟರಲ್ಲಿ ನಿನ್ನ ತಮ್ಮ ತಾರಾನಾಥ ಮಾವ ಫೋನ್ ಮಾಡಿ, ನಿನ್ನ ಮಗ ಕಳ್ಳನಾದ ಅಂದಿರಬಹುದು. ಈಗ ನನ್ನ ಮಾತನ್ನೂ ಕೇಳು.

ಮಾವನ ಹೋಟೆಲಿನಲ್ಲಿ ರೊಟ್ಟಿ ಸುಡುವ ತುರ್ಸುನ್, ಉಯ್ಘುರ್ ಜನಾಂಗದವನು. ಚೀನಾದ ಪಶ್ಚಿಮದ ಅಂಚಿನ ಗುಲ್ಜಾ ಅವನ ಊರು. ಮರಳುಗಾಡಿನ ಸುತ್ತ ಹಿಮದ ನೀರು ಇಳಿದು ಬರುವಲ್ಲೆಲ್ಲ ಊರು ಕಟ್ಟಿ, ದ್ರಾಕ್ಷಿ ಬೆಳೆದು, ಒಂಟೆಯೇರಿ ಬರುವ ವ್ಯಾಪಾರಿಗಳ ಹೊಟ್ಟೆ ತುಂಬಿಸಿದ ಜನ ಅವರು. ನಾನು ಓದುವ ಹೋರಾಟದ ಯಾವ ಕರಪತ್ರದಲ್ಲೂ ಅವರ ಬಗ್ಗೆ ಒಂದು ಸಾಲಿಲ್ಲ. ಚಳಿಗಾಲದಲ್ಲಿ ಊರವರು 'ಮೆಶ್ರೆಪ್' ಎಂಬ ಕೂಟ ಸೇರುತ್ತಾರಂತೆ. ಹಾಡು, ಕುಣಿತ, ನಡುವೆ ತಪ್ಪು ಮಾಡಿದವನ ವಿಚಾರಣೆ. ಕುಡಿದು ಬಂದವನು ಎಲ್ಲರೆದುರು ಕತ್ತೆಯಂತೆ ಅರಚಬೇಕು! ಆ ಕೂಟವನ್ನು ಸರ್ಕಾರ ನಿಷೇಧಿಸಿತು. ಅದನ್ನು ನಡೆಸುತ್ತಿದ್ದ ತುರ್ಸುನ್‌ನ ಅಣ್ಣ ಫೆಬ್ರವರಿಯಿಂದ ಸೆರೆಯಲ್ಲಿದ್ದಾನೆ. ಊರಿಗೆ ಹೋದರೆ ಇವನಿಗೂ ಅದೇ ಗತಿ.

ಕಳೆದ ವಾರ ತುರ್ಸುನ್ ನೆಲದ ಮೇಲೆ ಬಟ್ಟೆ ಹಾಸಿ ಬಿಸಿ ರೊಟ್ಟಿ ಆರಲು ಇಟ್ಟಿದ್ದ. ಮಾವ ಚಪ್ಪಲಿ ಕಾಲಲ್ಲೇ ಅದನ್ನು ದಾಟಿದರು. ಉಯ್ಘುರರಲ್ಲಿ ರೊಟ್ಟಿ ದಾಟುವುದು ಮಹಾಪಾಪ. ತುರ್ಸುನ್ ಮಾವನ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳಿಬಿಟ್ಟ. ಗಿರಾಕಿಗಳು ನಕ್ಕರು. ಮಾವ ರೇಗಿದರು:

"ರೊಟ್ಟಿಗೆ ಪೂಜೆ ಮಾಡ್ಲಿಕ್ಕೆ ನಾನೆಂತ ದೇವಸ್ಥಾನ ಇಟ್ಟದ್ದಾ ಮಾರಾಯ? ಇವನ ವೀಸಾ ಕ್ಯಾನ್ಸಲ್. ಊರಿಗೆ ಹೋಗ್ಲಿ!"

ನಾನು ಬೇಡಿಕೊಂಡೆ. "ಕರಪತ್ರ ಓದುದು ಬಿಡು, ಬಿಲ್ಲು ಬರಿ" ಅಂದರು. ತುರ್ಸುನ್‌ಗೆ ಕ್ಷಮೆ ಕೇಳೆಂದೆ. ತಳ್ಳಿದ್ದಕ್ಕೆ ಕೇಳುತ್ತೇನೆ, ತಡೆದದ್ದಕ್ಕೆ ಕೇಳುವುದಿಲ್ಲ ಎಂದು ತನ್ನ ಹರಕು ಹಿಂದಿಯಲ್ಲಿ ಹೇಳಿದ. ಆ ಅರ್ಧ ಕ್ಷಮೆ ಮಾವನಿಗೆ ಸಾಲಲಿಲ್ಲ.

ಇಸ್ತಾಂಬುಲ್‌ನಲ್ಲಿರುವ ಚಿಕ್ಕಪ್ಪನನ್ನು ನೋಡಲು ಅವನು ಮೊದಲೇ ಟರ್ಕಿಯ ವೀಸಾ ಪಡೆದಿದ್ದ. ಆದರೆ ಪಾಸ್‌ಪೋರ್ಟು, ಎಲ್ಲ ಕೆಲಸಗಾರರದ್ದೂ ಇರುವಂತೆ, ಮಾವನ ಕಪಾಟಿನಲ್ಲಿ. ನಿನ್ನೆ ಶುಕ್ರವಾರ, ಮಾವ ಊಟ ಮಾಡಿ ಮಲಗಿದ್ದಾಗ ಅದನ್ನು ತೆಗೆದು ತುರ್ಸುನ್‌ನ ಕೈಗಿಟ್ಟೆ. ವಿಮಾನ ನಿಲ್ದಾಣದವರೆಗೆ ಜೊತೆಗೂ ಹೋದೆ. ಇಸ್ತಾಂಬುಲ್ ತಲುಪಿದೆನೆಂದು ಇಂದು ಬೆಳಿಗ್ಗೆ ಅವನು ಫೋನ್ ಮಾಡಿದ.

ಒಬ್ಬನ ವಸ್ತುವನ್ನು ಅವನಿಗೇ ಕೊಡುವುದು ಕಳ್ಳತನವಾದರೆ, ಹೌದಮ್ಮ, ನಾನು ಕಳ್ಳನೇ. ಮಾವ ಎದ್ದ ಕೂಡಲೇ ನಾನೇ ಹೇಳಿದೆ. ಹೊಡೆಯಲಿಲ್ಲ, ಮಾತು ಬಿಟ್ಟಿದ್ದಾರೆ. ಇನ್ನೊಮ್ಮೆ ಅಂಥ ದಿನ ಬಂದರೂ ಇದನ್ನೇ ಮಾಡುತ್ತೇನೆ.

ನಿನ್ನ ಮಗ,
ವಿಖ್ಯಾತ್

ತಾ.ಕ.: ನನ್ನ ಪಾಸ್‌ಪೋರ್ಟೂ ಅದೇ ಕಪಾಟಿನಲ್ಲಿತ್ತು. ತೆಗೆದರೆ ನನಗಾಗಿ ಕದ್ದಂತಾಗುತ್ತಿತ್ತು, ಮುಟ್ಟಲಿಲ್ಲ. ಈಗ ಬೀಗ ಬದಲಾಗಿದೆ. ಮೇ ತಿಂಗಳಲ್ಲಿ ತಂಗಿಯ ಮದುವೆಗೆ ನನ್ನನ್ನು ಕಾಯಬೇಡಿ. ಧಾರೆಯ ಬಳಿಕ ಹೋಮದಲ್ಲಿ ಅವಳ ಕೈಗೆ ಅರಳು ಹಾಕಲು, ಅಣ್ಣನ ಜಾಗದಲ್ಲಿ ದೊಡ್ಡಪ್ಪನ ಮಗ ರೂಪೇಶನನ್ನು ನಿಲ್ಲಿಸಿ.